ಪೀಠದೊಳಗಿನ ಚಿಪ್ಪು

ಕಾಸರಗೋಡಿನ ಮನೆಗಳಿಗೆ ಗಲ್ಫ್‌ನಿಂದ ಬರುವ ಪೆಟ್ಟಿಗೆಗಳಲ್ಲಿ ಸ್ಕೈಲ್ಯಾಂಡರ್ಸ್ ಎಂಬ ವಿಡಿಯೋ ಗೇಮಿನ ಗೊಂಬೆಗಳೂ ಇರುವುದುಂಟು. 2011ರಲ್ಲಿ ಶುರುವಾದ ಈ ಆಟದ ಸೊಗಸೆಲ್ಲ ಗೊಂಬೆಯ ಪೀಠದಲ್ಲಿದೆ. ಅದರೊಳಗಿನ ಆರ್‌ಎಫ್‌ಐಡಿ ಚಿಪ್ಪಿಗೆ, ಅಂದರೆ ರೇಡಿಯೋ ಅಲೆಯಿಂದ ಓದಿಸಿಕೊಳ್ಳುವ ಚಿಪ್ಪಿಗೆ, ಬ್ಯಾಟರಿ ಬೇಡ. ಗೊಂಬೆಯನ್ನು ಇಡುವ, ಆಟದ ಕನ್ಸೋಲಿಗೆ ಜೋಡಿಸುವ ತಟ್ಟೆಯಾದ ಪೋರ್ಟಲ್‌ನಿಂದಲೇ ಶಕ್ತಿ ಪಡೆದು ಪಾತ್ರದ ಲೆವೆಲ್, ಚಿನ್ನ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ. ಕುಂಬಳೆಯಲ್ಲಿ ವೀ ಕನ್ಸೋಲಿನಲ್ಲಿ ಬೆಳೆಸಿದ ಪಾತ್ರ ಮಂಗಳೂರಿನ ಭಾವನ ಮನೆಯ ಪ್ಲೇಸ್ಟೇಷನ್ 3ರಲ್ಲೂ ಅದೇ ಬಲದಿಂದ ಏಳುತ್ತದೆ. ಇದಕ್ಕೇ ಮಕ್ಕಳು ಮರುಳಾಗುವುದು, ದೊಡ್ಡವರೂ ಅಷ್ಟೇ.

ಹಳೆಯದನ್ನು ಕೊಳ್ಳುವಾಗ ಗೊಂಬೆಗಿಂತ ಮೊದಲು ಪೋರ್ಟಲ್ ನೋಡಿ. ಎಕ್ಸ್‌ಬಾಕ್ಸ್ 360ರದ್ದು ಬೇರೆ ಕನ್ಸೋಲಿಗೆ ಆಗದು. ವೈರ್‌ಲೆಸ್ ಪೋರ್ಟಲ್ಲಾದರೆ ಜೊತೆಗಿನ ಯುಎಸ್‌ಬಿ ಡಾಂಗಲ್ (ಕನ್ಸೋಲಿಗೆ ಸಿಕ್ಕಿಸುವ ಸಣ್ಣ ಕಡ್ಡಿ) ಕೇಳಿ ಪಡೆಯಿರಿ. ಅದಿಲ್ಲದ ಪೋರ್ಟಲ್ ಬರೀ ತಟ್ಟೆ. ಹೊಸ ಸರಣಿಯ ಹೊಸ ಪಾತ್ರದ ಗೊಂಬೆಯನ್ನು ಹಳೆ ಆಟ ಗುರುತಿಸದು. ತೆರೆಯ ಮೇಲೆ ಗೊಂಬೆ ಆಗಾಗ ಮಾಯವಾಗುತ್ತಿದ್ದರೆ ಪೋರ್ಟಲನ್ನು ಸ್ಟೀಲ್ ಮೇಜಿನಿಂದ ಮರದ ಹಲಗೆಗೆ ಬದಲಿಸಿ, ಲೋಹ ಸಿಗ್ನಲ್ ಕೆಡಿಸುತ್ತದೆ.