ನಕ್ಷೆಯಲ್ಲಿ ತೈವಾನ್, ನಾಲಗೆಯಲ್ಲಿ ಬಟಾನೆಸ್

ತೈವಾನಿನ ತೈತುಂಗಿನ ಫುಗಾಂಗ್ ಬಂದರಿನಲ್ಲಿ ಹಡಗು ಹತ್ತಿ ಲಾನ್‌ಯೂ ದ್ವೀಪ ಮುಟ್ಟುವಷ್ಟರಲ್ಲಿ ಹೊಟ್ಟೆಯಲ್ಲಿದ್ದುದೆಲ್ಲ ಸಮುದ್ರದ ಪಾಲಾಗಿತ್ತು. ಶಿಂಚುವಿನ ಚಿಪ್ ಕಾರ್ಖಾನೆಯಲ್ಲಿ ಮೂರು ದಿನ ರಜೆ ಸಿಕ್ಕಿದ್ದೇ ಹೆಚ್ಚು ಎಂದು ಹೊರಟವನು ನಾನು.

ತಂಗಿದ್ದ ಮನೆಯ ಅಜ್ಜಿ ತಾವೊ ಜನಾಂಗದವರು. ಅಂಗಳದಲ್ಲಿ ಹಾರುವ ಮೀನುಗಳನ್ನು ಸೀಳಿ, ಮೈಮೇಲೆ ಗೆರೆಗೆರೆಯಾಗಿ ಕೊಯ್ದು, ಉಪ್ಪು ಸವರಿ ಗಳುವಿಗೆ ತೂಗುಹಾಕಿದ್ದರು. ಅವರ ಬುಟ್ಟಿಯನ್ನು ಎತ್ತಿ ಒಳಗಿಟ್ಟೆ. ‘ಅಯೋಯ್’ ಎಂದರು. ಏನೋ ಎಡವಟ್ಟು ಮಾಡಿದೆನೆಂದು ಗಾಬರಿಯಾದೆ. ಅದು ಅವರ ಭಾಷೆಯಲ್ಲಿ ಕೃತಜ್ಞತೆಯ ಮಾತಂತೆ! ನಮ್ಮ ‘ಅಯ್ಯೋ’ಗೂ ಅದಕ್ಕೂ ಯಾವ ನಂಟೂ ಇಲ್ಲ ಬಿಡಿ.

ನಂಟು ಬೇರೆಡೆ ಇತ್ತು. ರಾತ್ರಿ ಅಜ್ಜಿ ಚಂದ್ರನನ್ನು ತೋರಿಸಿ ‘ವೆಹಾನ್’ ಎಂದರು, ಮನೆಗೆ ‘ವಹಾಯ್’, ಕಲ್ಲಿಗೆ ‘ವಾತೊ’. ನನ್ನ ಕಾರ್ಖಾನೆಯ ಗೆಳೆಯನೊಬ್ಬ ಫಿಲಿಪೀನ್ಸಿನ ಉತ್ತರ ತುದಿಯ ಬಟಾನೆಸ್ ದ್ವೀಪಗಳವನು, ಮನೆಮಾತು ಇವಾತಾನ್. ಅವನೂ ಮನೆಗೆ ‘ವಹಾಯ್’ ಎನ್ನುತ್ತಾನೆ, ಚಂದ್ರನಿಗೆ ‘ವೂಹನ್’. ಮಲಯದಲ್ಲಿ ಇದೇ ಚಂದ್ರ ‘ಬುಲಾನ್’, ಕಲ್ಲು ‘ಬಾತು’. ಮೂಲದ ‘ಬ’ ಇವರಿಬ್ಬರ ಬಾಯಲ್ಲಿಯೂ ‘ವ’ ಆಗಿದೆ. ಚಂದ್ರನ ‘ಲ’ ಇಬ್ಬರಲ್ಲಿಯೂ ‘ಹ’ ಆಗಿದೆ. ನಮ್ಮದು ತಿರುಗುಮುರುಗು: ತಮಿಳಿನ ‘ವೇರು’ ನಮ್ಮಲ್ಲಿ ‘ಬೇರು’, ‘ವಿಲ್’ ನಮ್ಮಲ್ಲಿ ‘ಬಿಲ್ಲು’. ಹಳಗನ್ನಡದ ‘ಪಾಲು’ ‘ಹಾಲು’ ಆದದ್ದನ್ನು ಓದಿದವರಿಗೆ ಈ ಆಟ ಹೊಸದೇನಲ್ಲ.

ಭಾಷೆಯ ಕುಲ ಗುರುತಿಸುವುದು ಹೀಗೆಯೇ. ಹಳೆಯ ಆಸ್ತಿ ಉಳಿಸಿಕೊಂಡವರೆಲ್ಲ ಹತ್ತಿರದವರಲ್ಲ, ಒಟ್ಟಿಗೆ ಬದಲಾದವರು ಹತ್ತಿರದವರು. ಭಾಷಾವಿಜ್ಞಾನಿ ರಾಬರ್ಟ್ ಬ್ಲಸ್ಟ್ 1999ರಲ್ಲಿ, ತಾವೊ, ಇವಾತಾನ್, ಮಲಯ ಎಲ್ಲ ಸೇರುವ ಆಸ್ಟ್ರೋನೇಷ್ಯನ್ ಕುಟುಂಬದ ಭಾಷೆಗಳನ್ನು ಹತ್ತು ಕವಲುಗಳಾಗಿ ವಿಂಗಡಿಸಿದರು. ಒಂಬತ್ತು ಕವಲುಗಳು ತೈವಾನಿನೊಳಗೇ ಇವೆ. ಮಡಗಾಸ್ಕರಿನಿಂದ ಈಸ್ಟರ್ ದ್ವೀಪದವರೆಗೆ ಹರಡಿರುವುದೆಲ್ಲ ಹತ್ತನೆಯದು, ಮಲಯೊ-ಪಾಲಿನೇಷ್ಯನ್. ತೈವಾನಿನ ಮೂಲನಿವಾಸಿ ಭಾಷೆಗಳಲ್ಲಿ ಆ ಹತ್ತನೆಯದಕ್ಕೆ ಸೇರುವುದು ತಾವೊ ಒಂದೇ. ಅದು ಇವಾತಾನ್ ಮತ್ತು ಅದರ ನೆರೆಯ ಇತ್ಬಾಯತ್ ಭಾಷೆಯ ಜೊತೆ ಸೇರಿ ಬಟಾನಿಕ್ ಎಂಬ ಪುಟ್ಟ ಗುಂಪಾಗುತ್ತದೆ. ಆ ಗುಂಪನ್ನು ಫಿಲಿಪೀನ್ಸಿನ ಭಾಷೆಗಳೊಳಗೆ ಇಡಬೇಕೆಂಬುದು ಬ್ಲಸ್ಟ್ ವಾದ, ಬೇರೆಯಾಗಿಯೇ ನಿಲ್ಲಿಸಬೇಕೆಂಬುದು ಇನ್ನೊಬ್ಬ ಭಾಷಾವಿಜ್ಞಾನಿ ಮಾಲ್ಕಮ್ ರಾಸ್ ವಾದ. ದಾಯಾದಿಗಳ ಪಾಲು ಪಟ್ಟಿ ಅಷ್ಟು ಬೇಗ ಮುಗಿಯುತ್ತದೆಯೇ?

ಅಜ್ಜಿಗೆ ಇದಾವುದರ ಗೊಡವೆಯಿಲ್ಲ. ಅವರಿಗೆ ಈ ದ್ವೀಪ ‘ಪೊನ್ಸೊ ನೊ ತಾವೊ’, ಮನುಷ್ಯರ ದ್ವೀಪ, ಅಷ್ಟೆ.

ಶಿಂಚುವಿಗೆ ಮರಳಿ ಗೆಳೆಯನಿಗೆ ಮೀನಿನ ಫೋಟೊ ತೋರಿಸಿದೆ. ಅಜ್ಜಿ ‘ಲಿಬಾಂಗ್‌ಬಾಂಗ್’ ಎಂದಿದ್ದರು. ಅವನು ನೋಡಿದ್ದೇ ತಡ ‘ದಿಬಾಂಗ್!’ ಎಂದ. ಆಮೇಲೆ ಫೋಟೊ ಹಿಗ್ಗಿಸಿ ಕೇಳಿದ: ‘ಉಪ್ಪು ಎಷ್ಟು ಹಾಕಿದ್ದರು?’