ನಮ್ಮ ಹೊಳೆದಾಸವಾಳವೇ ಇಲ್ಲಿಯ ತಾಮ್ಹಣ

ಮುಂಬೈ, ಪುಣೆಯ ರಸ್ತೆಗಳಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ನೇರಳೆ ಗೊಂಚಲು ಬಿಡುವ ತಾಮ್ಹಣ ಮಹಾರಾಷ್ಟ್ರದ ರಾಜ್ಯಪುಷ್ಪ. ಊರಲ್ಲಿ ಹೊಳೆದಂಡೆಯಲ್ಲಿ ಕಾಣುವ ಹೊಳೆದಾಸವಾಳವೇ ಇದು. ಹೆಸರಲ್ಲಿ ದಾಸವಾಳವಿದ್ದರೂ ಕುಲ ಬೇರೆ, ಮದರಂಗಿಯ ಬಳಗದ್ದು.

ಸೊಸೈಟಿಯ ಅಂಗಳದಲ್ಲಿ ನೆಡುವವರು ಮೊದಲು ಎಲೆ ನೋಡಿ. ತಾಮ್ಹಣದ ಎಲೆ ಅಂಗೈಗಿಂತ ಉದ್ದ. ನರ್ಸರಿಗಳಲ್ಲಿ ಸಿಗುವ, ಎರಡು ಇಂಚಿನ ಎಲೆಯ ಪೊದೆ ಇದರ ದಾಯಾದಿ ಅಷ್ಟೆ. ಮರವಾಗಿ ನೆರಳು ಕೊಡುವುದಿಲ್ಲ.

ಬೀಜಕ್ಕೆ ಚಳಿಗಾಲದಲ್ಲಿ ಕಂದುಬಣ್ಣಕ್ಕೆ ತಿರುಗಿದ, ಇನ್ನೂ ಬಿರಿಯದ ಕಾಯಿ ಕೀಳಬೇಕು. ಬಿರಿದರೆ ರೆಕ್ಕೆಯಿರುವ ಬೀಜ ಗಾಳಿಗೆ ಹಾರಿಹೋಗುತ್ತದೆ. ಮರಳು ಬೆರೆಸಿದ ಮಣ್ಣಿನ ಮೇಲೆ ಉದುರಿಸಿ, ಬೀಜ ಮರೆಯಾಗುವಷ್ಟೇ ಮಣ್ಣು ಹಾಕಿ. ಆಳಕ್ಕೆ ಹೋದರೆ ಮೊಳೆಯದು. ಜೊಳ್ಳು ಬೀಜ ಬಹಳ, ಹಾಗಾಗಿ ಧಾರಾಳವಾಗಿ ಬಿತ್ತಿ. ಸಸಿ ಮೊಣಕಾಲೆತ್ತರ ಆದಮೇಲೆ ಮಳೆ ಹಿಡಿದಾಗ ನೆಡಿ, ಗೋಡೆಯಿಂದ ಕನಿಷ್ಠ 15 ಅಡಿ ದೂರ, ಪೂರ್ತಿ ಬಿಸಿಲಿನಲ್ಲಿ.

ಮರ ದೊಡ್ಡದಾಗಿಯೂ ಹೂ ಬಿಡದಿದ್ದರೆ ಬಹುಮಟ್ಟಿಗೆ ತಪ್ಪು ಕತ್ತರಿಯದ್ದು. ಗೊಂಚಲು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಮಳೆಗಾಲದ ತಯಾರಿ ಎಂದು ಏಪ್ರಿಲ್‌ನಲ್ಲಿ ಕೊಂಬೆ ಸವರಿದರೆ ಆ ವರ್ಷದ ಹೂವೇ ಹೋಯಿತು. ಎಲೆ ಕೆಂಪಾಗಿ ಉದುರಿದ ಕೂಡಲೇ, ಚಿಗುರೊಡೆಯುವ ಮುಂಚೆ, ಒಣಕೊಂಬೆಗಳನ್ನಷ್ಟೇ ತೆಗೆಯಿರಿ. ಬೋಳಾಯಿತೆಂದು ಮರ ಸತ್ತಿದೆ ಅಂದುಕೊಳ್ಳಬೇಡಿ. ತೊಗಟೆ ಉಗುರಿನಿಂದ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವವಿದೆ.