ಫಿಸಿಕ್ಸ್ ಒಂದು ಸೆಮಿಸ್ಟರ್ ಮುಂದಕ್ಕೆ ಹಾಕಿದ್ರೆ ಏನಾಗತ್ತೆ

ಹೋದ ವಾರ ಅಣ್ಣನ ಮಗಳು ಫೋನ್ ಮಾಡಿದ್ಲು. ಕ್ಯಾಲಿಫೋರ್ನಿಯಾದಲ್ಲೇ ಕಮ್ಯೂನಿಟಿ ಕಾಲೇಜಲ್ಲಿ ಮೊದಲನೇ ಸೆಮಿಸ್ಟರ್ ಓದ್ತಿದಾಳೆ, ಎರಡು ವರ್ಷ ಆದ್ಮೇಲೆ ಯುಸಿಗೆ, ಅಂದ್ರೆ ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ, ಟ್ರಾನ್ಸ್‌ಫರ್ ಆಗಿ ಮೆಕ್ಯಾನಿಕಲ್ ಮಾಡ್ಬೇಕು ಅಂತ ಆಸೆ. "ಅತ್ತೆ, ಕ್ಯಾಲ್ಕುಲಸ್ ಒಂದೇ ಇಷ್ಟು ಕಷ್ಟ ಆಗ್ತಿದೆ, ಮುಂದಿನ ಸೆಮಿಸ್ಟರ್, ಸ್ಪ್ರಿಂಗಲ್ಲಿ, ಫಿಸಿಕ್ಸ್ ಬೇಡ, ಸೈಕಾಲಜಿ ತಗೊಂಡು ಫಿಸಿಕ್ಸ್ ಮುಂದಿನ ವರ್ಷ ಮಾಡ್ಲಾ?" ಅಂದ್ಲು. ನಂಗೆ ಎದೆ ಧಸಕ್ಕಂತು, ಯಾಕಂದ್ರೆ ನಾನು ಮಾಡಿದ್ದೂ ಅದನ್ನೇ.

ನಾನು ಓದುವಾಗ ಕೌನ್ಸೆಲರ್ ಒಬ್ರು ಮೊದಲು ಜನರಲ್ ಎಜುಕೇಶನ್ (ಜಿಇ, ಯಾವ ವಿಷಯದವರಾದ್ರೂ ಮಾಡ್ಬೇಕಾದ) ಕೋರ್ಸ್ ಎಲ್ಲ ಮುಗಿಸ್ಕೊಂಡ್ಬಿಡು, ಮೇಜರ್ ಕೋರ್ಸ್, ಅಂದ್ರೆ ನಿನ್ನ ಮುಖ್ಯ ವಿಷಯದ್ದು, ಆಮೇಲೆ ನೋಡೋಣ ಅಂದ್ರು. ಬೇರೆ ಮೇಜರ್‌ಗೆ ಅದು ಒಳ್ಳೇ ಮಾತೇ, ಇಂಜಿನಿಯರಿಂಗ್‌ಗೆ ಅಲ್ಲ. ನನ್ನದು ಎಲೆಕ್ಟ್ರಿಕಲ್. ಮೊದಲ ಫಾಲ್‌ನಲ್ಲಿ (ಆಗಸ್ಟಲ್ಲಿ ಶುರುವಾಗೋ ಸೆಮಿಸ್ಟರ್, ವರ್ಷದ ಶುರುವಿಂದು ಸ್ಪ್ರಿಂಗ್) ಕ್ಯಾಲ್ಕುಲಸ್ 1 ಆಗಿತ್ತು, ಅದಾದ್ಮೇಲೆ ಸ್ಪ್ರಿಂಗಲ್ಲೇ ಮೆಕ್ಯಾನಿಕ್ಸ್ ಫಿಸಿಕ್ಸ್ ತಗೋಬಹುದಿತ್ತು. ಕ್ಯಾಲ್ಕುಲಸ್ 2 ಜೊತೆ ಭಾರ ಆಗತ್ತೆ ಅಂತ ಮುಂದಿನ ಫಾಲ್‌ಗೆ ಹಾಕಿದೆ, ಬರೀ ನಾಲ್ಕೈದು ತಿಂಗಳು ತಾನೇ ಅಂತ. ಆದ್ರೆ ಅದರ ಮುಂದಿನ ಕೋರ್ಸ್, ಅಂದ್ರೆ ಎಲೆಕ್ಟ್ರಿಸಿಟಿ ಅಂಡ್ ಮ್ಯಾಗ್ನೆಟಿಸಮ್, ನಮ್ಮ ಕಾಲೇಜಲ್ಲಿ ಫಾಲ್‌ನಲ್ಲಿ ಮಾತ್ರ ಇರ್ತಿತ್ತು, ಅದು ಆಗದೆ ಸರ್ಕ್ಯೂಟ್ಸ್‌ಗೆ ಸೇರಿಸ್ಕೊಳ್ಳಲ್ಲ, ಸರ್ಕ್ಯೂಟ್ಸ್ ಇದ್ದಿದ್ದು ಸ್ಪ್ರಿಂಗಲ್ಲಿ ಮಾತ್ರ. ಒಂದು ಸೆಮಿಸ್ಟರ್ ತಡ ಮಾಡಿದ್ದು ಪೂರ್ತಿ ಒಂದು ವರ್ಷ ಆಗೋಯ್ತು. ಗಣಿತ ಎಲ್ಲ ಮುಗಿದು ಜಿಇನೂ ಮುಗಿದು ಬರೀ ಒಂದೆರಡು ಕೋರ್ಸ್‌ಗೋಸ್ಕರ ವರ್ಷವಿಡೀ ಕಾದಿದ್ದು ಈಗ್ಲೂ ನೆನಪಾದ್ರೆ ಸಂಕಟ ಆಗತ್ತೆ.

ಅದಕ್ಕೇ ಅವಳಿಗೆ ಹೇಳಿದೆ, ಪುಟ್ಟಿ, ಒಂದು ಹಳೇ ಕ್ಯಾಲೆಂಡರ್ ಹಾಳೆ ತಗೋ, ಹಿಂದುಗಡೆ ಖಾಲಿ ಇರತ್ತಲ್ಲ ಅಲ್ಲಿ ಬರಿ, ಆದ್ರೆ ಈ ಸೆಮಿಸ್ಟರಿಂದ ಶುರು ಮಾಡ್ಬೇಡ, ಕೊನೇ ಸ್ಪ್ರಿಂಗಿಂದ ಹಿಂದಕ್ಕೆ ಬಾ. ವಿಡಿಯೋ ಕಾಲ್‌ನಲ್ಲಿ ಇಬ್ರೂ ಕೂತ್ವಿ. ಯುಸಿ ಕ್ಯಾಂಪಸ್‌ಗಳು ಇಂಜಿನಿಯರಿಂಗ್ ಟ್ರಾನ್ಸ್‌ಫರ್ ಹೆಚ್ಚಾಗಿ ಫಾಲ್‌ಗೆ ಮಾತ್ರ ತಗೊಳ್ಳೋದು, ಬೇಕಾದ ಕೋರ್ಸ್‌ಗಳು ಸಾಮಾನ್ಯವಾಗಿ ಅದರ ಹಿಂದಿನ ಸ್ಪ್ರಿಂಗ್ ಒಳಗೆ ಮುಗಿದಿರ್ಬೇಕು, ಕೊನೇ ಸಮ್ಮರಲ್ಲಿ ಮಾಡ್ಕೋತೀನಿ ಅಂದ್ರೆ ಎಷ್ಟೋ ಕಡೆ ಲೆಕ್ಕಕ್ಕೆ ಬರಲ್ಲ. ಅದಕ್ಕೇ ಕೊನೇ ಸಾಲಲ್ಲಿ ಡಿಫರೆನ್ಶಿಯಲ್ ಈಕ್ವೇಶನ್ಸ್ ಬರೆದ್ಲು, ಅದರ ಹಿಂದೆ ಕ್ಯಾಲ್ಕುಲಸ್ 3, ಅದರ ಹಿಂದೆ 2. ಪಕ್ಕದಲ್ಲಿ ಸ್ಟ್ಯಾಟಿಕ್ಸ್ (ನಿಂತ ವಸ್ತುಗಳ ಮೇಲಿನ ಬಲಗಳ ಇಂಜಿನಿಯರಿಂಗ್ ಕೋರ್ಸ್), ಅದರಿಂದ ಹಿಂದಕ್ಕೆ ಒಂದು ಬಾಣ ಮೆಕ್ಯಾನಿಕ್ಸ್‌ಗೆ, ಮೆಕ್ಯಾನಿಕ್ಸಿಂದ ಇನ್ನೊಂದು ಬಾಣ ಕ್ಯಾಲ್ಕುಲಸ್ 1ಕ್ಕೆ. ವರ್ಷಕ್ಕೆ ಒಂದೇ ಸಲ ಬರೋ ಕೋರ್ಸ್‌ಗೆಲ್ಲ ಕೆಂಪು ಪೆನ್ನಲ್ಲಿ ಸುತ್ತು ಹಾಕು ಅಂದೆ, ಹಿಂದಿನ ಎರಡು ವರ್ಷದ ವೇಳಾಪಟ್ಟಿ ತೆಗೆದು ನೋಡಿ ಹಾಕಿದ್ಲು. ಸ್ಟ್ಯಾಟಿಕ್ಸ್‌ಗೂ ಸುತ್ತು ಬಿತ್ತು, ಬರೀ ಫಾಲ್. ಸೈಕಾಲಜಿಯಿಂದ ಒಂದು ಬಾಣನೂ ಹೊರಡ್ಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ನೋಡಿ "ಅಯ್ಯೋ ಇದನ್ನ ಯಾವಾಗ ಬೇಕಾದ್ರೂ ಮಾಡಬಹುದಲ್ಲ" ಅಂದ್ಲು.

ಆಮೇಲೆ ಅಸಿಸ್ಟ್ ವೆಬ್‌ಸೈಟ್ ತೆಗೆಸಿದೆ. ಯಾವ ಕಮ್ಯೂನಿಟಿ ಕಾಲೇಜಿನ ಯಾವ ಕೋರ್ಸ್ ಯಾವ ಯುನಿವರ್ಸಿಟಿಯ ಯಾವ ಕೋರ್ಸ್‌ಗೆ ಸಮ ಅಂತ ಇರೋದು ಅಲ್ಲೇ, ಫ್ರೆಂಡ್ಸ್ ಹೇಳಿದ್ದು ಕೇಳೋದಕ್ಕಿಂತ ಅದನ್ನ ಓದೋದು ಮೇಲು. ಎಡಗಡೆ ಯುನಿವರ್ಸಿಟಿ ಕೋರ್ಸ್, ಬಲಗಡೆ ನಮ್ಮ ಕಾಲೇಜಿಂದು. ಅಲ್ಲಿ "ಆ್ಯಂಡ್" ಅನ್ನೋ ಚಿಕ್ಕ ಪದ ಇರತ್ತೆ, ಅದನ್ನ ಕಣ್ಣು ತಪ್ಪಿಸ್ಬಾರ್ದು, ಅಂದ್ರೆ ಅವರ ಒಂದು ಕೋರ್ಸ್‌ಗೆ ನಾವು ಇಲ್ಲಿ ಎರಡು ಮಾಡ್ಬೇಕು, ಒಂದೇ ಮಾಡಿದ್ರೆ ಪೂರ್ತಿ ಆಗಲ್ಲ. ಫಿಸಿಕ್ಸ್ ಥರ ಸರಣಿ ಕೋರ್ಸ್‌ಗಳನ್ನ ಅರ್ಧ ಒಂದು ಕಾಲೇಜಲ್ಲಿ ಅರ್ಧ ಇನ್ನೊಂದರಲ್ಲಿ ಮಾಡಿದ್ರೂ ಕೆಲವು ಸಲ ಎಡವಟ್ಟಾಗತ್ತೆ, ಒಂದು ಕಾಲೇಜು ಸೆಮಿಸ್ಟರ್ ಇನ್ನೊಂದು ಕ್ವಾರ್ಟರ್ (ಸೆಮಿಸ್ಟರ್‌ಗಿಂತ ಚಿಕ್ಕ ಅವಧಿ) ಆಗಿದ್ರಂತೂ ಪಾಠಗಳೇ ಬೇರೆ ಬೇರೆ ಕಡೆ ತುಂಡಾಗಿರ್ತವೆ. ಶುರು ಮಾಡಿದ ಕಡೆನೇ ಮುಗಿಸೋದು ಕ್ಷೇಮ. ಇನ್ನೊಂದು, ಮೇಜರ್ ಹೆಸರು ಒಂದೇ ಇದ್ರೂ ಎಲ್ಲ ಕ್ಯಾಂಪಸ್ ಕೇಳೋದು ಒಂದೇ ಅಲ್ಲ, ಪ್ರೋಗ್ರಾಮಿಂಗ್ ಒಂದು ಕಡೆ ಸಿ ಪ್ಲಸ್ ಪ್ಲಸ್, ಇನ್ನೊಂದು ಕಡೆ ಮ್ಯಾಟ್‌ಲ್ಯಾಬ್, ಹಾಗಾಗಿ ಮೂರ್ನಾಲ್ಕು ಕ್ಯಾಂಪಸ್ ಪಟ್ಟಿ ಅಕ್ಕಪಕ್ಕ ಇಟ್ಕೊಂಡು ಎಲ್ಲದರಲ್ಲೂ ಇರೋದನ್ನ ಮೊದಲು ಹಿಡೀಬೇಕು.

ಜಿಇ ಬಗ್ಗೆ ಜಾಸ್ತಿ ಹೇಳೋದಿಲ್ಲ. ಈಗ 2025ರ ಫಾಲ್‌ನಿಂದ ಐಗೆಟ್ಸಿ ಅನ್ನೋ ಹಳೇ ಜಿಇ ಕೋರ್ಸ್ ಪಟ್ಟಿ ಬದಲು ಕ್ಯಾಲ್ ಗೆಟ್ಸಿ ಅನ್ನೋ ಹೊಸ ಪಟ್ಟಿ ಬಂದಿದೆ, ಆದ್ರೆ ಇಂಜಿನಿಯರಿಂಗ್‌ಗೆ ಮೇಜರ್ ಕೋರ್ಸ್‌ಗಳೇ ಮುಖ್ಯ. ಇಂಗ್ಲಿಷ್ ಕಾಂಪೋಸಿಶನ್ ಎರಡು ಮಾತ್ರ ಬೇಗ ಮುಗಿಸ್ಕೊಂಡ್ಬಿಡಿ, ಅದು ಯುಸಿಗೆ ಬೇಕೇ ಬೇಕು. ಟ್ಯಾಗ್ (ಷರತ್ತು ಪೂರೈಸಿದ್ರೆ ಯುಸಿ ಕ್ಯಾಂಪಸ್‌ನಲ್ಲಿ ಟ್ರಾನ್ಸ್‌ಫರ್ ಸೀಟು ಖಾತ್ರಿ ಅನ್ನೋ ಯೋಜನೆ) ಅರ್ಜಿ ಸೆಪ್ಟೆಂಬರ್ ತಿಂಗಳಲ್ಲಿ, ಆರು ಕ್ಯಾಂಪಸ್‌ಗೆ ಮಾತ್ರ, ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋಗೆ ಇಲ್ಲ, ಉಳಿದ ಕಡೆನೂ ಎಲ್ಲ ಇಂಜಿನಿಯರಿಂಗ್ ಮೇಜರ್‌ಗೂ ಸಿಗಲ್ಲ.

ಕಷ್ಟ ಆಗ್ತಿದೆ ಅಂದಿದ್ದನ್ನ ನಾನು ಹಗುರವಾಗಿ ತಗೊಳ್ಲಿಲ್ಲ. ಕ್ಯಾಲ್ಕುಲಸ್ 2 ಮತ್ತೆ ಮೆಕ್ಯಾನಿಕ್ಸ್ ಒಟ್ಟಿಗೆ ನಿಜವಾಗ್ಲೂ ಭಾರ. ಅದಕ್ಕೇ ಆ ಸೆಮಿಸ್ಟರಲ್ಲಿ ಬೇರೆ ಏನೂ ಬೇಡ, ಆ ಎರಡು ಮತ್ತೆ ಇಂಗ್ಲಿಷ್ ಅಷ್ಟೇ ಅಂತ ತೀರ್ಮಾನ ಮಾಡಿದ್ವಿ, ಸೈಕಾಲಜಿ ಸಮ್ಮರ್‌ಗೆ ಹೋಯ್ತು. ಮಾರ್ಕ್ಸೂ ಮುಖ್ಯ, ಎಲ್ಲ ಒಟ್ಟಿಗೆ ತುಂಬ್ಕೊಂಡು ಸಿ ಬಂದ್ರೆ ಕೋರ್ಸ್ ಪಾಸಾಗತ್ತೆ, ಆದ್ರೆ ಸೀಟಿಗೆ ಪೈಪೋಟಿ ಇರೋ ಕಡೆ ಅದು ಸಾಲಲ್ಲ.

ನಿನ್ನೆ ರಿಜಿಸ್ಟ್ರೇಶನ್ ಇತ್ತು. ಮೆಕ್ಯಾನಿಕ್ಸ್ ಕ್ಲಾಸ್ ಅಷ್ಟೊತ್ತಿಗೇ ತುಂಬೋಗಿ ವೇಟ್‌ಲಿಸ್ಟಲ್ಲಿ ನಾಲ್ಕನೇ ನಂಬರ್ ಸಿಕ್ಕಿದೆ. ಮೊದಲನೇ ದಿನ ಎಷ್ಟೋ ಜನ ಬರೋದೇ ಇಲ್ಲ, ಸೀಟು ಖಾಲಿ ಆಗತ್ತೆ, ತಪ್ಪದೆ ಹೋಗಿ ಮುಂದಿನ ಬೆಂಚಲ್ಲೇ ಕೂತ್ಕೋ ಅಂದಿದೀನಿ. ಪ್ರೊಫೆಸರ್‌ಗೆ ಇಮೇಲ್ ಬರೆದು ಕಳ್ಸೋ ಮುಂಚೆ ನನಗೆ ತೋರಿಸಿದ್ಲು, ನಾಲ್ಕೇ ಸಾಲು, ಕೊನೇ ಸಾಲಲ್ಲಿ "ಇದು ಈಗ ಸಿಗದಿದ್ರೆ ಫಾಲ್‌ನಲ್ಲಿ ಸ್ಟ್ಯಾಟಿಕ್ಸ್ ತಗೊಳ್ಳೋಕಾಗಲ್ಲ" ಅಂತ ಇತ್ತು. ಒಂದಕ್ಷರನೂ ಬದಲಾಯಿಸ್ಬೇಡ, ಹಾಗೇ ಕಳ್ಸು ಅಂದೆ.